ಪಟ್ಟೆಯಿಂದ ಒಂದು ಮಾರು ಆಚೆ

ಮಾರ್ಚ್ ೪, ಸೋಮವಾರ

ಇವತ್ತು ತೀರ್ಪಿನ ಪ್ರತಿ ಕೈಗೆ ಬಂತು. ವಕೀಲಮ್ಮ ಮೊನ್ನೆಯೇ ಫೋನಿನಲ್ಲಿ, "ಪರಿಹಾರ ಕೊಟ್ಟಿದಾರಮ್ಮ, ಆದ್ರೆ ಕಾಲು ಪಾಲು ಕತ್ತರಿಸಿದಾರೆ" ಎಂದಿದ್ದಳು. ಹೋಗಲಿ ಬಿಡು ಅಂದುಕೊಂಡಿದ್ದೆ. ಬಟ್ಟೆ ಹೊಲಿದು ಬದುಕಿದವಳಿಗೆ ಕತ್ತರಿ ಹೊಸದಲ್ಲ. ಆದರೆ ಕತ್ತರಿಸಿದ ಕಾರಣವನ್ನು ಓದಿದ ಮೇಲೆ ಮೈಯೆಲ್ಲ ಉರಿದುಹೋಯಿತು.

"ಮೃತರು ಪಾದಚಾರಿಗಳಿಗಾಗಿ ಬಳಿದ ಬಿಳಿ ಪಟ್ಟೆಗಳ ಮೇಲೆ ದಾಟದೆ ಅವುಗಳ ಹೊರಗೆ ದಾಟುತ್ತಿದ್ದರು. ಆದ್ದರಿಂದ ಈ ಅಪಘಾತದಲ್ಲಿ ಮೃತರ ಅಜಾಗರೂಕತೆಯೂ ಕಾಲು ಭಾಗದಷ್ಟಿದೆ."

ಅಜಾಗರೂಕತೆ! ಇವರದ್ದು!

ನೀರು ಕುಡಿಯುವ ಮುಂಚೆ ಲೋಟದೊಳಗೆ ಇಣುಕಿ ನೋಡುತ್ತಿದ್ದ ಮನುಷ್ಯ ನನ್ನ ಗಂಡ. ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದರು, ನೆಂಟರ ಮನೆಗೆ ಹೋದರೆ ಮಾತ್ರ ಮೆಟ್ಟಿಲು ಹತ್ತುತ್ತಿದ್ದರು. ಯಾಕ್ರೀ ಎಂದರೆ, "ಇದನ್ನ ರಿಪೇರಿ ಮಾಡಿದೋನು ಯಾರೋ ಗೊತ್ತಿಲ್ವಲ್ಲೇ" ಎನ್ನುತ್ತಿದ್ದರು. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಬೀಗ ಎಳೆದು ನೋಡುತ್ತಿದ್ದರು. ಇವರ ದೆಸೆಯಿಂದ ನಾನು ಯಾವ ಸಿನಿಮಾದ ಮೊದಲ ಭಾಗವನ್ನೂ ನೋಡಿದವಳಲ್ಲ. ಕಳೆದುಹೋದ ಮಗು ಕೊನೆಗೆ ಸಿಗುತ್ತದೆ ಎನ್ನುವುದು ಗೊತ್ತು, ಹೇಗೆ ಕಳೆದುಹೋಯಿತು ಎನ್ನುವುದು ಇವತ್ತಿಗೂ ಗೊತ್ತಿಲ್ಲ.

ಅಂಥವರು ಅಜಾಗರೂಕರಂತೆ. ಹಾಗಾದರೆ ಇಷ್ಟು ವರ್ಷ ನಾನು ಪಟ್ಟ ಪಾಡಿಗೆ ಏನು ಹೆಸರು?

ವಕೀಲಮ್ಮನಿಗೆ ಫೋನ್ ಮಾಡಿದೆ. "ಮೇಲಿನ ಕೋರ್ಟಿಗೆ ಹಾಕು" ಅಂದೆ.

ಮಾರ್ಚ್ ೫

ಮಗಳು ಬಂದಿದ್ದಳು, ಬುದ್ಧಿ ಹೇಳಲು.

"ಸಾಕು ಬಿಡಮ್ಮ. ಅಪ್ಪ ಹೋಗಿ ವರ್ಷದ ಮೇಲಾಯ್ತು. ಬಂದಿದ್ದು ತಗೊಂಡು ಅಂಗಡಿ ಮುಚ್ಚಿ ನನ್ನ ಜೊತೆ ಬಂದಿರು."

"ನಿನ್ನಪ್ಪನ್ನ ಅಜಾಗರೂಕ ಅಂದಿದಾರೆ ಕಣೇ."

"ಅದು ಕಾನೂನಿನ ಮಾತು. ಬೈಗುಳ ಅಲ್ಲ."

"ನಿನ್ನಪ್ಪನಿಗೆ ಅದಕ್ಕಿಂತ ದೊಡ್ಡ ಬೈಗುಳ ಯಾವುದಿತ್ತು, ಹೇಳು ನೋಡೋಣ. ನೀನು ಸೈಕಲ್ ಕಲಿತದ್ದು ಹೇಗೆ?"

ಮಗಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಎದೆಗೊಂದು ದಿಂಬು, ಬೆನ್ನಿಗೊಂದು ದಿಂಬು ಕಟ್ಟಿ ಕಲಿಸಿದ್ದರು. "ಶಾಲೇಲಿ ನನ್ನ ಹಾಸಿಗೆ ಅಂತಲೇ ಕರೀತಿದ್ರು" ಎಂದಳು. ಆಮೇಲೆ ಮೂಗು ಒರೆಸಿಕೊಂಡಳು. ಅಷ್ಟಕ್ಕೆ ಬುದ್ಧಿ ಹೇಳುವುದು ಮುಗಿಯಿತು.

ಬಸ್ ಹತ್ತಿಸಲು ಜೊತೆಗೆ ಹೋದೆ. ದೊಡ್ಡ ರಸ್ತೆಯಲ್ಲಿ ಕೈ ಎತ್ತಿ ನಡೆದುಬಿಟ್ಟೆ, ಗಾಡಿಗಳು ಬೈದುಕೊಳ್ಳುತ್ತಾ ನಿಂತವು. ನಾನು ಯಾವಾಗಲೂ ಹೀಗೇ ದಾಟುವುದು, ಮೈಮೇಲೆ ಒಂದು ಗೀರು ಬಿದ್ದಿಲ್ಲ. ಎರಡೂ ಕಡೆ ನೋಡಿ, ಮತ್ತೆ ನೋಡಿ, ಕೊನೆಗೊಮ್ಮೆ ಆಕಾಶವನ್ನೂ ನೋಡಿ ದಾಟುತ್ತಿದ್ದವರು ಹೋದರು.

ಮಾರ್ಚ್ ೧೪

ವಕೀಲಮ್ಮನ ಆಫೀಸು ಜೆರಾಕ್ಸ್ ಅಂಗಡಿಯ ಮೇಲಿದೆ. ಕುರ್ಚಿಗಳ ಮೇಲೆಲ್ಲ ಕಡತಗಳು ಕೂತಿರುವುದರಿಂದ ಬಂದವರು ನಿಲ್ಲಬೇಕು. ನನ್ನ ಮಗಳಿಗಿಂತ ಚಿಕ್ಕವಳು. ಮಾತಾಡುವಾಗ ಪೆನ್ನಿನ ಮುಚ್ಚಳ ಕಚ್ಚುತ್ತಾಳೆ. ಅವಳ ಎಲ್ಲ ಮುಚ್ಚಳಗಳೂ ಇಲಿ ತಿಂದಂತಿವೆ.

ಪೊಲೀಸರು ಬರೆದ ನಕ್ಷೆಯನ್ನು ಇವತ್ತು ಮೊದಲ ಸಲ ತೋರಿಸಿದಳು. ಒಮ್ಮುಖ ರಸ್ತೆ. ಅಡ್ಡಕ್ಕೆ ಬಿಳಿ ಪಟ್ಟೆಗಳು. ಅವುಗಳಿಂದ ಒಂದು ಮಾರು ಆಚೆ ಒಂದು ಗುಣಾಕಾರದ ಗುರುತು. ಆ ಗುರುತು ಇವರು, ವ್ಯಾನು ಬಂದು ಗುದ್ದಿದ ಜಾಗ.

ಬಟ್ಟೆಯ ಮೇಲೆ ಗುಂಡಿ ಬರುವ ಕಡೆ ನಾನೂ ಹಾಗೇ ಗುರುತು ಹಾಕುತ್ತೇನೆ.

"ಪಟ್ಟೆ ಅಷ್ಟು ಹತ್ರ ಇದ್ದೂ ಆಚೆ ಯಾಕೆ ದಾಟಿದ್ರಮ್ಮ?"

"ಅವರು ದಾಟ್ತಿದ್ದಿದ್ದೇ ಹಾಗೆ. ಗಾಡಿಯೋರು ಪಟ್ಟೆ ಮುಂದೆ ನಿಲ್ಲಿಸಲ್ಲ, ಪಟ್ಟೆ ಮೇಲೆ ತಂದು ನಿಲ್ಲಿಸ್ತಾರೆ ಅಂತ ಅವರ ಲೆಕ್ಕ. ಅದಕ್ಕೇ ಗಾಡಿಗೂ ತಮಗೂ ಮಧ್ಯೆ ಇಡೀ ಪಟ್ಟೆ ಬಿಟ್ಟು ಆ ಕಡೆ ದಾಟೋರು. ಬ್ರೇಕ್ ಹಾಕಿದ ಮೇಲೂ ಲಿಫ್ಟ್ ಒಂಚೂರು ಇಳಿಯುತ್ತೆ ಕಣೇ, ಆ ಒಂಚೂರಿಗೆ ಜಾಗ ಬಿಡ್ಬೇಕು ಅನ್ನೋರು."

ವಕೀಲಮ್ಮ ಮುಚ್ಚಳವನ್ನು ಬಾಯಿಂದ ತೆಗೆದಳು. "ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನ ಯಾರ ಹತ್ರಾನೂ ಹೇಳ್ಬೇಡಿ. ಬೇಕಂತಲೇ ಪಟ್ಟೆ ಬಿಟ್ಟು ದಾಟ್ತಿದ್ರು ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ. ನಕ್ಷೆ ಅಂದಾಜಿನಲ್ಲಿ ಬರೆದದ್ದು, ನಂಬೋ ಹಾಗಿಲ್ಲ ಅಂತ ನಾನು ವಾದ ಮಾಡ್ತೀನಿ."

"ಅದು ಸುಳ್ಳಲ್ವೇನೇ?"

"ಸುಳ್ಳಲ್ಲಮ್ಮ. ಸಂದೇಹ."

ಓದಿದವರಿಗೆ ಎಷ್ಟೊಂದು ಅನುಕೂಲದ ಮಾತುಗಳಿವೆ.

ಮಾರ್ಚ್ ೩೦

ನಾದಿನಿ ಬಂದಳು, ಇವರ ತಂಗಿ. ಕೇಸು ಮುಗಿಯುವವರೆಗೂ ನನ್ನ ಜೊತೆ ಇರುತ್ತಾಳಂತೆ. ಹಗಲಿನಲ್ಲೂ ಕೈಯಲ್ಲಿ ಟಾರ್ಚು. ಹೊಸಿಲು ದಾಟುವ ಮುಂಚೆ ಹೊಸಿಲಿಗೆ ಬೆಳಕು ಬಿಟ್ಟು ನೋಡಿದಳು.

"ಏನಿದೆಯೇ ಅಲ್ಲಿ?"

"ಏನೂ ಇಲ್ಲ ಅತ್ತಿಗೆ. ಇಲ್ಲ ಅಂತ ಗೊತ್ತಾಗ್ಬೇಕಲ್ಲ."

ಆ ಮನೆಯ ರಕ್ತವೇ ಹಾಗೆ. ಒಬ್ಬರು ಹೋದರೆ ಇನ್ನೊಬ್ಬರನ್ನು ಕಳಿಸುತ್ತಾರೆ.

ಏಪ್ರಿಲ್ ೧೯

ಇವತ್ತು ವಕೀಲಮ್ಮನ ಆಫೀಸಿನಲ್ಲಿ ಜಾತ್ರೆಯೇ ಆಯಿತು. ತಪ್ಪು ನನ್ನದಲ್ಲ. ಇವರು ಎಷ್ಟು ಎಚ್ಚರದ ಮನುಷ್ಯ ಎಂದು ಹೇಳುವವರು ಬೇಕಾಗಬಹುದು ಎಂದು ನಾನೇ ಅಲ್ಲಿ ಇಲ್ಲಿ ಹೇಳಿಟ್ಟಿದ್ದೆ. ಇಷ್ಟು ಜನ ಇಷ್ಟು ಸಿಟ್ಟಿನಿಂದ ಬರುತ್ತಾರೆಂದು ನನಗೇನು ಗೊತ್ತು?

ಮೊದಲು ಮಾತಾಡಿದ್ದು ಪಕ್ಕದ ಮನೆಯ ಮೇಷ್ಟ್ರು. "ಒಂದು ಸಲ ಏಣಿ ಕೇಳಿದೆ ತಾಯಿ. ಏಣಿ ಕೊಟ್ಟು ಸುಮ್ಮನಿರಬಾರದಾ? ತಾವೂ ಬಂದ್ರು. ನಾನು ಹತ್ತಿದ್ರೆ ಕೆಳಗೆ ಹಿಡ್ಕೊಂಡ್ರು. ಹಿಡ್ಕೊಂಡು, 'ನಿಮ್ಮ ವಯಸ್ಸೆಷ್ಟು, ತಲೆ ಸುತ್ತು ಬರುತ್ತಾ, ಯಾರಿಗೆ ಫೋನ್ ಮಾಡ್ಬೇಕು' ಅಂತ ಕೇಳ್ತಾನೇ ಇದ್ರು. ಅದುವರೆಗೂ ಬರದೇ ಇದ್ದ ತಲೆಸುತ್ತು ಅವತ್ತು ಬಂತು!"

ಎದುರು ಕಟ್ಟಡದ ವಾಚ್‌ಮನ್ ಅವರನ್ನು ಸರಿಸಿ ಮುಂದೆ ಬಂದ. "ನಮ್ಮ ಲಿಫ್ಟಲ್ಲಿ ಆರು ಜನ ಅಂತ ಬರೆದಿದೆ ಮೇಡಂ. ಆರೇ ಜನ ಹತ್ತಿದ್ರು. ಯಜಮಾನ್ರು ಬಾಗಿಲು ಹಿಡಿದು, 'ಬರೆದೋನು ಇವರನ್ನ ನೋಡಿ ಬರೆದಿಲ್ಲ' ಅಂತ ಮೂರನೇ ಮಹಡಿಯಮ್ಮನ್ನ ಕೆಳಗಿಳಿಸಿಬಿಟ್ರು. ಆಯಮ್ಮ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ನಾನೇನು ಮಾಡಿದ್ದೆ?"

ಮೂರನೇ ಮಹಡಿಯಮ್ಮ ಹಿಂದೆಯೇ ನಿಂತಿದ್ದರು. "ಮಾತಾಡ್ತಾರಾ ಯಾರಾದ್ರೂ ನಿನ್ನ ಜೊತೆ? ನಗ್ತಿದ್ದೆಯಲ್ಲ ನೀನು!" ಎಂದರು.

ಅಲ್ಲಿಂದ ಆಚೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದೇ ತಿಳಿಯಲಿಲ್ಲ. ಎಲ್ಲರೂ ಒಟ್ಟಿಗೆ ಇವರನ್ನು ಬೈಯುತ್ತಿದ್ದರು, ಬಾಯ್ತುಂಬ. ನಾನು ಗೋಡೆಗೆ ಒರಗಿ ಕೇಳುತ್ತಾ ನಿಂತೆ. ಇಷ್ಟು ಚೆಂದದ ಮಾತು ಕೇಳಿ ಬಹಳ ದಿನವಾಗಿತ್ತು. ಹೋದವರ ಮನೆಗೆ ಬಂದವರು 'ಒಳ್ಳೆಯವರು, ದೇವರಂಥವರು' ಎಂದು ಹೇಳಿ ಹೇಳಿ ಇವರನ್ನು ಯಾರೋ ಬೇರೆ ಗಂಡಸನ್ನಾಗಿ ಮಾಡಿಬಿಟ್ಟಿದ್ದರು. ಇವತ್ತು ನಮ್ಮವರೇ ಬಂದು ಹೋದ ಹಾಗಾಯಿತು.

ವಕೀಲಮ್ಮ ಮೇಜು ತಟ್ಟಿದಳು. "ಅಪೀಲಿನಲ್ಲಿ ಸಾಕ್ಷಿ ಕೇಳಲ್ಲ ಕಣ್ರೀ! ಎಲ್ರೂ ದಯವಿಟ್ಟು ಮನೆಗೆ ಹೋಗಿ!"

ಹೋಗುವಾಗ ಇಷ್ಟೂ ಜನ ಒಟ್ಟಿಗೆ ಮೆಟ್ಟಿಲಿಗೆ ಮುಗಿಬಿದ್ದರು. "ಒಬ್ಬೊಬ್ಬರಾಗಿ ಇಳೀರಪ್ಪ, ಕಂಬಿ ಹಿಡ್ಕೊಳ್ಳಿ" ಎಂದೆ. ಮೇಷ್ಟ್ರು ತಿರುಗಿ ನನ್ನನ್ನೇ ಒಂಥರಾ ನೋಡಿದರು. ಅವರದ್ದೊಂದು ಅಭ್ಯಾಸ, ಎಲ್ಲರನ್ನೂ ಹಾಗೆ ನೋಡುವುದು.

ಮೇ ೮

ವಿಶೇಷವಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎದ್ದುಹೋಗಿ ನೋಡಿದೆ. ಆರಿಸಿದ್ದೆ. ಎಲ್ಲ ನಾದಿನಿಯ ಸಹವಾಸ.

ಮೇ ೨೩

ಇಷ್ಟು ವರ್ಷ ಹೊಲಿಯುವಾಗ ಗುಂಡುಪಿನ್ನುಗಳನ್ನು ತುಟಿಯ ಮಧ್ಯೆ ಇಟ್ಟುಕೊಳ್ಳುತ್ತಿದ್ದೆ. ಇವರು ಎದುರಿಗೆ ಕೂತು ನಾನು ಯಾವಾಗ ಸೀನುತ್ತೇನೋ ಎಂದು ಕಾಯುತ್ತಿದ್ದರು. ಸೀನಿದರೆ ಹಿಡಿಯಲು ಅಂಗೈ ಬೇರೆ ಚಾಚಿರುತ್ತಿದ್ದರು. ಈಗ ಸ್ವಲ್ಪ ದಿನದಿಂದ ಪಿನ್ನುಗಳಿಗೆ ಹತ್ತಿಯ ಸಣ್ಣ ದಿಂಬು ಮಾಡಿದ್ದೇನೆ. ವಸಡು ನೋಯುತ್ತದೆ, ಅದಕ್ಕೆ.

ಜುಲೈ ೨

ರಾಜಿ ಮಾತಿಗೆ ಕರೆದಿದ್ದರು. ಕೋರ್ಟಿನ ಹಿಂಭಾಗದಲ್ಲಿ ಒಂದು ಕೋಣೆ. ದುಂಡು ಮೇಜು, ನೀರಿನ ಬಾಟಲಿ, ಗೋಡೆಯ ಮೇಲೆ ಕೈ ಕುಲುಕುವ ಚಿತ್ರ. ನಾದಿನಿ ಕುರ್ಚಿಯನ್ನು ಅಲ್ಲಾಡಿಸಿ ನೋಡಿ ಕೂತಳು. ನಾನೂ ನೋಡಿಯೇ ಕೂತೆ, ಒಂದು ಕಾಲು ನಿಜವಾಗಿಯೂ ಗಿಡ್ಡವಿತ್ತು.

ವ್ಯಾನಿನ ವಿಮಾ ಕಂಪನಿಯ ಅಧಿಕಾರಿ ಒಳ್ಳೆಯ ಹುಡುಗ. ಕೋಟು ಭುಜದಲ್ಲಿ ಸರಿ ಕೂತಿರಲಿಲ್ಲ, ಹೊಲಿದವನು ತೋಳನ್ನು ಹಿಂದು ಮುಂದು ಮಾಡಿದ್ದ. ನನ್ನ ಕಣ್ಣು ಅಲ್ಲಿಯೇ ಹೋಗುತ್ತಿತ್ತು.

"ಅಮ್ಮ, ನಿಮ್ಮ ವಯಸ್ಸು ನೋಡಿ ಕಂಪನಿ ಒಂದು ತೀರ್ಮಾನಕ್ಕೆ ಬಂದಿದೆ. ಕತ್ತರಿಸಿದ ಕಾಲು ಪಾಲು ಪೂರ್ತಿ ಕೊಡ್ತೀವಿ. ಮೇಲೊಂದಿಷ್ಟು ಸೇರಿಸಿಯೂ ಕೊಡ್ತೀವಿ. ಅಪೀಲು ವಾಪಸ್ ತಗೊಳ್ಳಿ."

ವಕೀಲಮ್ಮ ಮೇಜಿನ ಕೆಳಗಿಂದ ನನ್ನ ಕಾಲು ಒತ್ತಿದಳು, ಒಪ್ಪಿಕೋ ಎಂದು.

"ಆ ಮಾತು ಹೋಗುತ್ತಾ?" ಎಂದೆ.

"ಯಾವ ಮಾತು?"

"ಅಜಾಗರೂಕತೆ."

"ಅದು... ಕೆಳಗಿನ ಕೋರ್ಟಿನ ತೀರ್ಪಲ್ವಾ, ಅದು ಹಾಗೇ ಇರುತ್ತೆ. ಆದ್ರೆ ದುಡ್ಡು ಪೂರ್ತಿ ಬರುತ್ತಲ್ಲಮ್ಮ."

"ನೀವು ಮೇಲೆ ಸೇರಿಸ್ತೀನಿ ಅಂದದ್ದು ಬೇಡ. ಆ ಮಾತು ತೆಗೀರಿ."

"ತೆಗೆಯೋ ಅಧಿಕಾರ ನಮಗಿಲ್ಲ."

"ಆ ಕಾಲು ಪಾಲೂ ಬೇಡ. ತೆಗೀರಿ."

ರಾಜಿ ಮಾಡಿಸಲು ಕೂತಿದ್ದ ಹಿರಿಯರು ಕನ್ನಡಕ ತೆಗೆದರು. "ಅಮ್ಮ, ಚೌಕಾಸಿ ಮಾಡುವಾಗ ಜನ ಸಾಮಾನ್ಯವಾಗಿ ಮೇಲಕ್ಕೆ ಹೋಗ್ತಾರೆ" ಎಂದರು.

"ನಂಗೆ ಗೊತ್ತು ಸ್ವಾಮಿ, ಅಂಗಡಿ ಇಟ್ಕೊಂಡಿದೀನಿ."

ಅಧಿಕಾರಿ ಹುಡುಗ ಕಂಗಾಲಾದ. ಬೇಡ ಎನ್ನುವವರಿಗೆ ಹೇಗೆ ಕೊಡುವುದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ನಾದಿನಿ ಅವನಿಗೆ ನೀರು ಕೊಟ್ಟಳು, ಬಾಟಲಿಯೊಳಗೆ ಮೊದಲು ಇಣುಕಿ ನೋಡಿ.

ಹೊರಗೆ ಬಂದ ಮೇಲೆ ವಕೀಲಮ್ಮ ಕೂಗಾಡಿದಳು. "ಇಂಥ ಮಾತು ಇನ್ನೊಂದು ಸಲ ಬರಲ್ಲ! ಅಪೀಲು ಸೋತ್ರೆ ಈ ಕಾಲು ಪಾಲೂ ಇಲ್ಲ, ಆ ಮಾತೂ ಹೋಗಲ್ಲ. ಆಗೇನು ಮಾಡ್ತೀರಿ?"

ಕೋಟು ಬಿಚ್ಚಿ ಕೊಟ್ಟರೆ ಭುಜ ಸರಿಮಾಡಿಕೊಡುತ್ತೇನೆ ಎಂದು ಆ ಹುಡುಗನಿಗೆ ಹೇಳಿಬರಬೇಕಿತ್ತು, ಅದೊಂದು ಮರೆತೆ.

ಜುಲೈ ೩

ಮಗಳ ಫೋನು. ವಕೀಲಮ್ಮ ಊದಿದ್ದಾಳೆ. "ನಿನ್ನ ಕಣ್ಣು ಮಂಜಾಗ್ತಿದೆ, ಸೂಜಿಗೆ ದಾರ ಪೋಣಿಸೋಕೂ ಅತ್ತೇನ ಕರೀತೀಯ, ಬಂದ ದುಡ್ಡು ಬಿಡ್ತೀಯಾ? ಯಾರಿಗಾಗಿ ಅಮ್ಮ? ಅಪ್ಪ ಬಂದು ಓದ್ತಾರಾ ಆ ತೀರ್ಪು?"

ನಾನು ಫೋನು ಇಡಲಿಲ್ಲ. ಅವಳೂ ಇಡಲಿಲ್ಲ. ಆಮೇಲೆ ಅವಳೇ, "ಊಟ ಮಾಡಿದೆಯಾ?" ಎಂದಳು.

ರೀ, ನಿಮ್ಮ ಮಗಳು ನಿಮ್ಮ ಹಾಗೇ. ಸಿಟ್ಟು ಬಂದರೂ ಬಾಗಿಲು ಮೆಲ್ಲಗೆ ಹಾಕುತ್ತಾಳೆ, ಬೆರಳು ಸಿಕ್ಕೀತು ಎಂದು.

ಸೆಪ್ಟೆಂಬರ್ ೯

ನಾಳೆ ವಿಚಾರಣೆ. ವಕೀಲಮ್ಮ ಪಾಠ ಒಪ್ಪಿಸಿಕೊಂಡಳು. ನ್ಯಾಯಾಧೀಶರು ನನ್ನನ್ನು ಏನೂ ಕೇಳುವುದಿಲ್ಲವಂತೆ. ಅಪ್ಪಿತಪ್ಪಿ ಕೇಳಿದರೆ 'ಗೊತ್ತಿಲ್ಲ ಸ್ವಾಮಿ' ಎನ್ನಬೇಕಂತೆ. ಹತ್ತು ಸಲ ಹೇಳಿಸಿದಳು. ಗೊತ್ತಿಲ್ಲ ಸ್ವಾಮಿ, ಗೊತ್ತಿಲ್ಲ ಸ್ವಾಮಿ. ಕೊನೆಗೆ ನಾದಿನಿಗೂ ಬಾಯಿಪಾಠವಾಯಿತು. ಟೀ ಇದೆಯೇನೇ ಎಂದರೆ ಗೊತ್ತಿಲ್ಲ ಸ್ವಾಮಿ ಎಂದಳು. ನಕ್ಕೆವು.

ಅಂಗಡಿ ಬಾಗಿಲು ಹಾಕಿ ಬೀದಿಯ ತುದಿಯವರೆಗೆ ಹೋದವಳು ವಾಪಸ್ ಬಂದು ಬೀಗ ಎಳೆದು ನೋಡಿದೆ. ಕಳ್ಳಕಾಕರು ಜಾಸ್ತಿಯಾಗಿದ್ದಾರೆ ಈಚೆಗೆ.

ಸೆಪ್ಟೆಂಬರ್ ೧೦

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ವಕೀಲಮ್ಮ ನಕ್ಷೆ ಅಂದಾಜಿನದು ಎಂದು ಶುರುಮಾಡಿದಳು. ವಿಮಾ ಕಂಪನಿಯ ವಕೀಲರು, ದಪ್ಪ ಧ್ವನಿಯವರು, ನಕ್ಷೆ ಬರೆದವನು ಟೇಪು ಹಿಡಿದೇ ಅಳೆದಿದ್ದಾನೆ ಎಂದು ಪುಟ ತೆಗೆದು ತೋರಿಸಿದರು. ವಕೀಲಮ್ಮನ ಸಂದೇಹ ಅಲ್ಲಿಗೆ ಮುಗಿಯಿತು. ಅವಳು ಬಾಯಲ್ಲಿ ಇಲ್ಲದ ಮುಚ್ಚಳವನ್ನು ಕಚ್ಚಿದಳು.

ನ್ಯಾಯಾಧೀಶರು ಕಡತದಿಂದ ತಲೆಯೆತ್ತಿದರು. "ಅಷ್ಟು ಹತ್ರ ಪಟ್ಟೆ ಇದ್ದೂ ಇವರು ಆಚೆ ಯಾಕೆ ಹೋದ್ರು? ಮನೆಯವರು ಯಾರಾದ್ರೂ ಬಂದಿದಾರಾ?"

ನಾನು ಎದ್ದು ನಿಂತೆ. ನಾದಿನಿ ಸೆರಗು ಹಿಡಿದು ಎಳೆದಳು.

"ನಿಮಗೇನಾದ್ರೂ ಗೊತ್ತಾ ಅಮ್ಮ?"

'ಗೊತ್ತಿ' ಎನ್ನುವವರೆಗೆ ಬಾಯಿಗೆ ಬಂತು. ಮುಂದಕ್ಕೆ ಹೋಗಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಗೊತ್ತಿಲ್ಲ ಎಂದು ನಾನು ಹೇಳುವುದೇ? ಅಷ್ಟು ದೊಡ್ಡ ಸುಳ್ಳಿಗೆ ನನ್ನ ಬಾಯಲ್ಲಿ ಜಾಗವಿರಲಿಲ್ಲ.

"ಗೊತ್ತು ಸ್ವಾಮಿ. ಪಟ್ಟೆ ಮೇಲೆ ಯಾವತ್ತೂ ದಾಟ್ತಿರಲಿಲ್ಲ. ಗಾಡಿಯೋರು ಪಟ್ಟೆ ಮೇಲೆ ಬಂದು ನಿಲ್ಲಿಸ್ತಾರೆ ಅಂತ ಹೆದರಿಕೆ. ಅದಕ್ಕೇ ಪಟ್ಟೆ ಪೂರ್ತಿ ಬಿಟ್ಟು ಆ ಕಡೆ ದಾಟೋರು. ನಾನು ಸಾವಿರ ಸಲ ನಕ್ಕಿದೀನಿ. ಅವರು ಕೇಳ್ತಿರಲಿಲ್ಲ."

ಕೋರ್ಟಿನಲ್ಲಿ ಯಾರೋ ನಕ್ಕರು. ದಪ್ಪ ಧ್ವನಿಯವರು ಎದ್ದು ನಿಂತರು. "ಒಪ್ಕೊಂಡ್ರು ಸ್ವಾಮಿ! ಗೊತ್ತಿದ್ದೂ ಬೇಕಂತಲೇ ಪಟ್ಟೆ ಬಿಟ್ಟು ದಾಟ್ತಿದ್ರು!"

ವಕೀಲಮ್ಮ ಕಣ್ಣು ಮುಚ್ಚಿಕೊಂಡಳು. ಹಣ ಹೋದದ್ದು ಇರಲಿ, ನನ್ನ ಬಾಯಿಂದಲೇ ಇವರನ್ನು ಸಿಕ್ಕಿಸಿ ಹಾಕಿದೆನಲ್ಲ ಎನಿಸಿತು.

ನ್ಯಾಯಾಧೀಶರು ನಕ್ಷೆಯನ್ನು ತಿರುಗಿಸಿದರು. ಮತ್ತೆ ತಿರುಗಿಸಿದರು. "ವ್ಯಾನು ಯಾವ ಕಡೆಯಿಂದ ಬಂತು ವಕೀಲರೇ?"

"ಎಡಗಡೆಯಿಂದ ಸ್ವಾಮಿ. ಒಮ್ಮುಖ ರಸ್ತೆ."

"ಅಂದ್ರೆ ವ್ಯಾನಿಗೆ ಮೊದಲು ಪಟ್ಟೆ ಸಿಗುತ್ತೆ. ಆಮೇಲೆ ಇವರು ಸಿಗ್ತಾರೆ."

ದಪ್ಪ ಧ್ವನಿಯವರು ತಮ್ಮ ಕಡತದ ಪುಟ ತಿರುವಿದರು.

"ಪಟ್ಟೆ ಮೇಲೆ ಶಾಲೆ ಮಕ್ಕಳ ಸಾಲು ದಾಟ್ತಾ ಇದ್ದಿದ್ರೆ ನಿಮ್ಮ ಡ್ರೈವರ್ ಏನು ಮಾಡ್ತಿದ್ದ?"

"ನಿಲ್ಲಿಸ್ತಿದ್ದ ಸ್ವಾಮಿ."

"ನಿಲ್ಲಿಸೋ ವೇಗದಲ್ಲಿದ್ದೋನು ಇಡೀ ಪಟ್ಟೆ ದಾಟಿ ಇವರ ತನಕ ಹೇಗೆ ಬಂದ?"

ಅಷ್ಟರಲ್ಲಿ ವಕೀಲಮ್ಮ ಕಣ್ಣು ಬಿಟ್ಟಳು. ಬಿಟ್ಟವಳೇ ಶುರುಮಾಡಿದಳು ನೋಡಿ, ಪಟ್ಟೆ ಬಳಿದಿರುವುದು ನಡೆಯುವವರಿಗೆ ಮಾತ್ರವಲ್ಲ, ನಿಲ್ಲಿಸುವವರಿಗೂ ಎಂದು! ಮೃತರು ಕಾನೂನು ಕೇಳಿದ್ದಕ್ಕಿಂತ ಒಂದು ಮಾರು ಹೆಚ್ಚೇ ಎಚ್ಚರ ವಹಿಸಿದ್ದರು ಎಂದು! ಮಾರ್ಚ್‌ನಿಂದ ಇದನ್ನೇ ಹೇಳಲು ಕಾದಿದ್ದವಳ ಹಾಗೆ. ನನ್ನ ಕಾಲಿಗೆ ಬೀಳುತ್ತೇನೆ ಎಂದಿದ್ದವಳು ಇವಳೇನಾ ಎನಿಸಿತು.

ತೀರ್ಪು ಆಮೇಲೆ ಹೇಳುತ್ತಾರಂತೆ. ಹೊರಗೆ ಬಂದು ವಕೀಲಮ್ಮ ನನ್ನನ್ನು ತಬ್ಬಿಕೊಂಡಳು. ತಕ್ಷಣ ಬಿಟ್ಟು, "ಇನ್ನೊಂದು ಸಲ ನನ್ನ ಮಾತು ಮೀರಿದ್ರೆ ನಿಮ್ಮ ಕೇಸೇ ಬೇಡ ನಂಗೆ" ಎಂದಳು.

ಸೆಪ್ಟೆಂಬರ್ ೨೬

ಗೆದ್ದೆವು. ಕಾಲು ಪಾಲು ವಾಪಸ್ ಬರುತ್ತದೆ. ಮಗಳು ಫೋನಿನಲ್ಲಿ ಅತ್ತು, ನಕ್ಕು, ಅಂಗಡಿ ಮುಚ್ಚುವ ಮಾತು ಮತ್ತೆ ಎತ್ತಿದಳು. ಮೊದಲು ಕಣ್ಣು ತೋರಿಸಿಕೊಳ್ಳುತ್ತೇನೆ ಎಂದೆ. ಅಷ್ಟಕ್ಕೇ ಸುಮ್ಮನಾದಳು.

ವಕೀಲಮ್ಮ ತಾನೇ ಮನೆಗೆ ಬಂದು ಆದೇಶದ ಪ್ರತಿ ಕೊಟ್ಟಳು, ಬೇಕಾದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು. "ಮೃತರು ಅಜಾಗರೂಕರಾಗಿದ್ದರು ಎನ್ನುವ ಅಭಿಪ್ರಾಯವನ್ನು ರದ್ದುಪಡಿಸಲಾಗಿದೆ. ತಮ್ಮ ಸುರಕ್ಷತೆಯ ವಿಷಯದಲ್ಲಿ ಮೃತರು ಸಾಮಾನ್ಯ ವ್ಯಕ್ತಿಗಿಂತ ಹೆಚ್ಚಿನ ಎಚ್ಚರ ವಹಿಸಿದ್ದರೆಂದು ಕಾಣುತ್ತದೆ."

ಸಾಮಾನ್ಯ ವ್ಯಕ್ತಿ ಎಂದರೆ ನಾನು. ಇನ್ನಾರು?

ನೀವು ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಯೋಚಿಸಿದೆ. ಈ ಕಾಗದಕ್ಕೆ ಕಟ್ಟು ಹಾಕಿಸಿ ನನ್ನ ಹೊಲಿಗೆ ಯಂತ್ರದ ಎದುರಿಗೇ ತೂಗುಹಾಕುತ್ತಿದ್ದಿರಿ, ಅದೂ ಮೊಳೆ ಗಟ್ಟಿಯಿದೆಯೋ ಇಲ್ಲವೋ ಎಂದು ಅರ್ಧ ದಿನ ಜಗ್ಗಿ ನೋಡಿ. ಬಂದ ಗಿರಾಕಿಗಳಿಗೆಲ್ಲ ಓದಿ ಹೇಳುತ್ತಿದ್ದಿರಿ. ನಾನು ಬಾಯಿ ತೆಗೆದರೆ, "ಕೋರ್ಟೇ ಹೇಳಿದೆಯಲ್ಲೇ" ಎನ್ನುತ್ತಿದ್ದಿರಿ. ಆ ಮನೆಯಲ್ಲಿ ಬಾಳುವುದು ಸಾಧ್ಯವಿತ್ತೇ?

ಓದಿ ಹೇಳಲು ನೀವಿಲ್ಲವಲ್ಲ ಎಂದು, ವಕೀಲಮ್ಮ ಹೋದ ಮೇಲೆ ನಾನೇ ಗಟ್ಟಿಯಾಗಿ ಓದಿದೆ.

ನಾದಿನಿ ಎದುರಿಗೆ ಕೂತು ಕೇಳುತ್ತಿದ್ದಳು. ಕಣ್ಣು ಒರೆಸಿಕೊಂಡು, ಟಾರ್ಚು ಹತ್ತಿಸಿ ಕಾಗದದ ಮೇಲೆ ಹಿಡಿದಳು.

"ಇನ್ನೊಂದ್ಸಲ ಓದಿ ಅತ್ತಿಗೆ. ಸರಿಯಾಗಿ ಓದಿದ್ರೋ ಇಲ್ವೋ, ನೋಡ್ಬೇಕಲ್ಲ."

ಓದಿದೆ. ಸರಿಯಾಗಿಯೇ ಇತ್ತು.